ಫಿನ್ಲೆಂಡಿನ ಕಾಡು ನೋಡಹೊರಟ ತಮ್ಮನ ಮಗನಿಗೆ

ಸಾಗರ

ಚಿರಂಜೀವಿ ಪುಟ್ಟುವಿಗೆ ದೊಡ್ಡಪ್ಪನ ಆಶೀರ್ವಾದಗಳು. ಇತ್ತ ನಾವೆಲ್ಲರೂ ಕ್ಷೇಮ.

ಡಿಸೆಂಬರ್ ರಜೆಯಲ್ಲಿ ಗೆಳೆಯರೊಡನೆ ಪೂರ್ವ ಫಿನ್ಲೆಂಡಿಗೆ ಹೋಗಿ ಕರಡಿ ನೋಡುವ ಯೋಚನೆಯಿದೆ ಎಂದು ಬರೆದಿದ್ದೀಯೆ. ಓದಿ ಸಂತೋಷವಾಯಿತು, ಆದರೆ ಟಿಕೆಟ್ ಕೊಳ್ಳುವ ಮೊದಲೇ ತಡೆಯಬೇಕೆಂದೂ ಅನ್ನಿಸಿತು. ಡಿಸೆಂಬರಿನಲ್ಲಿ ಅಲ್ಲಿನ ಕರಡಿಗಳೆಲ್ಲ ಗುಹೆ ಸೇರಿ ಮಲಗಿರುತ್ತವೆ. ಏಪ್ರಿಲ್ ಬರುವವರೆಗೆ ಅವುಗಳ ದರ್ಶನವಿಲ್ಲ. ಹೆಲ್ಸಿಂಕಿಯಲ್ಲಿ ಕೆಲಸಕ್ಕಿದ್ದ ವರ್ಷಗಳಲ್ಲಿ ನಾನು ತಿಳಿದುಕೊಂಡದ್ದೇನೆಂದರೆ, ಆ ದೇಶದಲ್ಲಿ ಯಾವ ಪ್ರಾಣಿಯನ್ನು ಎಲ್ಲಿ ನೋಡಬೇಕೆಂದು ಕೇಳುವುದಕ್ಕಿಂತ ಮೊದಲು ಯಾವ ತಿಂಗಳಲ್ಲಿ ನೋಡಬೇಕೆಂದು ಕೇಳಿಕೊಳ್ಳಬೇಕು.

ಕರಡಿಗಾಗಿ ಮೇ ಕೊನೆಯಿಂದ ಜುಲೈವರೆಗೆ ಹೋಗು. ಹೆಲ್ಸಿಂಕಿಯಿಂದ ರೈಲಿನಲ್ಲಿ ಕಾಯಾನಿಗೆ ಹೋದರೆ ಅಲ್ಲಿಂದ ರಷ್ಯಾದ ಗಡಿಯ ಕಡೆಗಿರುವ ಕುಹ್ಮೊಗೆ ರಸ್ತೆಯಿದೆ. ಗಡಿಯಂಚಿನ ಜೌಗುನೆಲಗಳ ಬಳಿ ಹಲಗೆಯ ಚಿಕ್ಕ ಗೂಡುಗಳನ್ನು ಕಟ್ಟಿರುತ್ತಾರೆ. ಸಂಜೆ ಒಳಗೆ ಹೋದವರು ಬೆಳಗಾಗುವವರೆಗೆ ಹೊರಗೆ ಬರುವಂತಿಲ್ಲ, ಜೋರಾಗಿ ಮಾತನಾಡುವಂತಿಲ್ಲ, ಸುಗಂಧ ಹಚ್ಚಿಕೊಳ್ಳುವಂತಿಲ್ಲ. ಆ ದಿನಗಳಲ್ಲಿ ರಾತ್ರಿ ಪೂರ್ತಿ ಕತ್ತಲಾಗುವುದೇ ಇಲ್ಲವಾದ್ದರಿಂದ ನಡುರಾತ್ರಿಯಲ್ಲೂ ಕರಡಿಯನ್ನು ಬರಿಗಣ್ಣಿಗೆ ಕಾಣಬಹುದು. ಅದೃಷ್ಟವಿದ್ದರೆ ವುಲ್ವರೀನ್ ಎಂಬ, ಚಿಕ್ಕ ಕರಡಿಯಂತೆ ಕಾಣುವ ಮಾಂಸಾಹಾರಿ ಪ್ರಾಣಿ ಕೂಡ ಬರುತ್ತದೆ. ಆದರೆ ಒಂದು ಮಾತು ಮನಸ್ಸಿನಲ್ಲಿರಲಿ: ಅವು ಬರುವುದು ಗೂಡಿನ ಮುಂದೆ ಇಟ್ಟ ಆಹಾರಕ್ಕಾಗಿ. ನೋಡುವುದು ತಪ್ಪೆಂದು ನಾನು ಹೇಳುವುದಿಲ್ಲ, ಆದರೆ ಅಷ್ಟನ್ನೇ ನೋಡಿ ಕಾಡನ್ನು ಕಂಡೆನೆಂದು ತಿಳಿಯಬೇಡ.

ಒಂದೇ ಒಂದು ಪ್ರವಾಸಕ್ಕೆ ನಿನ್ನಲ್ಲಿ ಹಣವಿರುವುದಾದರೆ, ಕರಡಿಯನ್ನು ಬಿಟ್ಟು, ಆಗ್ನೇಯ ಫಿನ್ಲೆಂಡಿನ ಸಾಯ್ಮಾ ಸರೋವರದಲ್ಲಿರುವ ಸೀಲ್ ಎಂಬ ಈಜುವ ಸಸ್ತನಿಯನ್ನು ನೋಡಲು ಹೋಗು ಎಂದೇ ನನ್ನ ಸಲಹೆ. ಕರಡಿ ಬೇರೆ ಎಷ್ಟೋ ದೇಶಗಳಲ್ಲಿದೆ, ಈ ಜೀವಿ ಭೂಮಿಯ ಮೇಲೆ ಮತ್ತೆಲ್ಲೂ ಇಲ್ಲ. ಹಿಮಯುಗ ಮುಗಿದು ನೆಲ ಮೇಲೆದ್ದಾಗ ಸಮುದ್ರದ ಸಂಪರ್ಕ ಕಡಿದು ಸರೋವರದಲ್ಲೇ ಉಳಿದುಹೋದ ಸೀಲ್‌ಗಳ ಸಂತತಿ ಇದು. ಸಾವಿರಾರು ವರ್ಷಗಳಿಂದ ಸಿಹಿನೀರಿನಲ್ಲೇ ಬದುಕಿದೆ. 1980ರ ದಶಕದಲ್ಲಿ ಇವುಗಳ ಸಂಖ್ಯೆ 200ಕ್ಕಿಂತ ಕೆಳಗಿಳಿದಿತ್ತು, ಈಗ 400ನ್ನು ದಾಟಿದೆ. ಮೀನಿನ ಬಲೆಗೆ ಸಿಕ್ಕಿ ಮರಿಗಳು ಉಸಿರುಕಟ್ಟಿ ಸಾಯುತ್ತಿದ್ದುದರಿಂದ ವಸಂತದಿಂದ ಬೇಸಿಗೆಯವರೆಗೆ ಅವು ಇರುವ ಭಾಗಗಳಲ್ಲಿ ಬಲೆ ಹಾಕುವುದನ್ನು ನಿಷೇಧಿಸಿದ್ದಾರೆ. ತಾಯಿ ಮರಿ ಹಾಕುವುದು ಫೆಬ್ರುವರಿ, ಮಾರ್ಚ್‌ನಲ್ಲಿ, ದಡದಂಚಿನ ಹಿಮದ ರಾಶಿಯೊಳಗೆ ಕೊರೆದ ಗೂಡಿನಲ್ಲಿ. ಚಳಿಗಾಲ ಬೆಚ್ಚಗಾಗಿ ಹಿಮ ಸಾಲದೆ ಹೋದ ವರ್ಷಗಳಲ್ಲಿ ಸ್ವಯಂಸೇವಕರು ಸಲಿಕೆ ಹಿಡಿದು ಹೆಪ್ಪುಗಟ್ಟಿದ ಸರೋವರದ ಮೇಲೆ ಹಿಮವನ್ನು ಗುಡ್ಡೆ ಹಾಕಿಕೊಡುತ್ತಾರೆ, ಸೀಲ್‌ಗಳು ಅದರೊಳಗೆ ಗೂಡು ಮಾಡಿಕೊಳ್ಳುತ್ತವೆ. ಒಂದು ದೇಶದ ಜನ ತಮ್ಮ ಪಾಲಿಗೆ ಬಂದ ಜೀವಿಯನ್ನು ಹೀಗೆ ನೋಡಿಕೊಳ್ಳುವುದನ್ನು ನೀನು ತಿಳಿಯಬೇಕೆಂಬುದು ನನ್ನ ಆಸೆ.

ಇವನ್ನು ನೋಡಲು ಮೇ ತಿಂಗಳೇ ತಕ್ಕ ಕಾಲ. ಆಗ ಹಳೆಯ ಕೂದಲು ಉದುರಿ ಹೊಸದು ಬರುವುದರಿಂದ ಅವು ಗಂಟೆಗಟ್ಟಲೆ ಬಂಡೆಯ ಮೇಲೆ ಬಿಸಿಲು ಕಾಯುತ್ತ ಮಲಗಿರುತ್ತವೆ. ದೂರದಿಂದ ಬಂಡೆಯೂ ಸೀಲೂ ಒಂದೇ ಬೂದುಬಣ್ಣ. ದುರ್ಬೀನಿನಲ್ಲಿ ನಿಧಾನವಾಗಿ ನೋಡಿದರೆ ಗಾಢ ಬಣ್ಣದ ಮೈಮೇಲೆ ತಿಳಿಬಣ್ಣದ ಉಂಗುರಗಳು ಒಂದೊಂದಾಗಿ ಕಾಣತೊಡಗುತ್ತವೆ. ಆ ಉಂಗುರಗಳ ವಿನ್ಯಾಸ ಒಂದರದ್ದು ಇನ್ನೊಂದಕ್ಕಿಲ್ಲ, ಸಂಶೋಧಕರು ಫೋಟೊ ನೋಡಿಯೇ ಇಂಥದ್ದೇ ಸೀಲ್ ಎಂದು ಗುರುತಿಸುತ್ತಾರೆ. ಸರೋವರದ ನಡುವಿನ ಸವೊನ್ಲಿನ್ನಾ ಪಟ್ಟಣದ ಸುತ್ತಲಿನ ಲಿನ್ನಾನ್ಸಾರಿ ಮತ್ತು ಕೊಲೊವೆಸಿ ರಾಷ್ಟ್ರೀಯ ಉದ್ಯಾನಗಳು ಇದಕ್ಕೆ ಹೆಸರಾದವು. ನಾನಾದರೆ ಕೊಲೊವೆಸಿಯನ್ನೇ ಆರಿಸಿಕೊಳ್ಳುತ್ತೇನೆ. ಅಲ್ಲಿ ಮೋಟಾರು ದೋಣಿಗೆ ಅವಕಾಶವಿಲ್ಲ, ಹುಟ್ಟು ಹಾಕಿಕೊಂಡೇ ಹೋಗಬೇಕು. ಸೀಲ್ ತಲೆಯೆತ್ತಿ ನಿನ್ನ ಕಡೆ ನೋಡಿತೆಂದರೆ ಅಲ್ಲಿಗೇ ದೋಣಿ ನಿಲ್ಲಿಸು, ಫೋಟೊಗಾಗಿ ಇನ್ನಷ್ಟು ಹತ್ತಿರ ಹೋಗಬೇಡ. ಹೋಗಲು ಆಗದಿದ್ದರೂ ನಿರಾಶೆ ಬೇಡ, ವಿಶ್ವ ವನ್ಯಜೀವಿ ನಿಧಿಯ ಫಿನ್ಲೆಂಡ್ ಶಾಖೆಯು 2016ರಿಂದ ಇಂಥದೊಂದು ಬಂಡೆಯನ್ನು ಅಂತರ್ಜಾಲದಲ್ಲಿ ನೇರವಾಗಿ ತೋರಿಸುತ್ತ ಬಂದಿದೆ.

ನೀನಿರುವ ಎಸ್ಪೋದಲ್ಲೇ ನೋಡತಕ್ಕದ್ದು ಬಹಳವಿದೆ. ಬಸ್ಸಿನಲ್ಲಿ ನೂಕ್ಸಿಯೊ ರಾಷ್ಟ್ರೀಯ ಉದ್ಯಾನಕ್ಕೆ ಹೋಗು. ಅದರ ಲಾಂಛನವೇ ಹಾರುವ ಅಳಿಲು. ನಮ್ಮ ಮಲೆನಾಡಿನವರು ಹಾರುಬೆಕ್ಕು ಎನ್ನುವ ಪ್ರಾಣಿಯ ದೂರದ ನೆಂಟ, ಗಾತ್ರದಲ್ಲಿ ಮಾತ್ರ ಅದಕ್ಕಿಂತ ಬಹಳ ಚಿಕ್ಕದು. ಸಂಜೆಯ ನಂತರವೇ ಹೊರಬರುವ ಅದು ಸುಲಭವಾಗಿ ಕಾಣಿಸದು, ಆದ್ದರಿಂದ ಕುರುಹು ಹುಡುಕುವುದನ್ನು ಕಲಿ. ವಸಂತದಲ್ಲಿ ದೊಡ್ಡ ಸ್ಪ್ರೂಸ್ ಅಥವಾ ಆಸ್ಪೆನ್ ಮರದ ಬುಡದಲ್ಲಿ ಅಕ್ಕಿಕಾಳಿನಷ್ಟು ದೊಡ್ಡ ಹಳದಿ ಹಿಕ್ಕೆಗಳು ರಾಶಿಯಾಗಿ ಬಿದ್ದಿದ್ದರೆ ಅಳಿಲು ಆ ಮರಕ್ಕೆ ಬಂದುಹೋಗುತ್ತಿದೆ ಎಂದರ್ಥ. ಬರ್ಚ್ ಮತ್ತು ಆಲ್ಡರ್ ಮರಗಳ ಹೂಗೊಂಚಲು ತಿಂದು ಆ ಬಣ್ಣ ಬರುತ್ತದೆ. ಹಕ್ಕಿಗಳಿಗಾದರೆ ಹೆಲ್ಸಿಂಕಿಯ ವೀಕ್ಕಿ ಬಳಿಯ ಕೊಲ್ಲಿಯೇ ಸಾಕು. ಹಂಸವನ್ನು ಮಾತ್ರ ಗೌರವದಿಂದ ನೋಡು: ಅಲ್ಲಿನ ರಾಷ್ಟ್ರಪಕ್ಷಿಯಾದ ಅದು 1950ರ ಸುಮಾರಿಗೆ ದೇಶದಲ್ಲಿ ಹದಿನೈದು ಜೋಡಿಯಷ್ಟಕ್ಕೆ ಇಳಿದಿತ್ತು, ಈಗ ಸಾವಿರಾರು ಜೋಡಿಗಳಾಗಿವೆ.

ಉತ್ತರದ ಲ್ಯಾಪ್‌ಲೆಂಡಿಗೆ ಹೋದಾಗ ರಸ್ತೆಯ ಮೇಲೆ ನಿಂತ ಹಿಮಸಾರಂಗಗಳನ್ನು ಕಾಡುಪ್ರಾಣಿಗಳೆಂದು ತಿಳಿಯಬೇಡ. ನಮ್ಮೂರಿನಲ್ಲಿ ಕಾಡಿಗೆ ಮೇಯಲು ಬಿಟ್ಟ ಮಲೆನಾಡು ಗಿಡ್ಡ ದನಗಳಂತೆ ಅವಕ್ಕೂ ಒಬ್ಬೊಬ್ಬ ಒಡೆಯನಿದ್ದಾನೆ, ಕಿವಿಯ ಕತ್ತರಿಕೆಯೇ ಅವನ ಗುರುತು. ನಿಜವಾದ ಕಾಡು ಹಿಮಸಾರಂಗ ಬೇರೆಯೇ ಇದ್ದು, ಕುಹ್ಮೊ ಮತ್ತು ಸಲಮಾಯಾರ್ವಿ ರಾಷ್ಟ್ರೀಯ ಉದ್ಯಾನದ ಕಡೆ ಇದೆ. ಬೇಟೆಯಿಂದ ಪೂರ್ತಿ ಅಳಿದಿದ್ದ ಅದು ರಷ್ಯಾದ ಕಡೆಯಿಂದ ಕುಹ್ಮೊಗೆ ತಾನಾಗಿ ಮರಳಿ ಬಂದಿತು, ಸಲಮಾಯಾರ್ವಿಗೆ ಜನರೇ ತಂದು ಬಿಟ್ಟರು. ಬಾಡಿಗೆ ಕಾರು ಓಡಿಸುವುದಾದರೆ, ಮೂಸ್ ಎಂಬ ಭಾರೀ ಗಾತ್ರದ ಜಿಂಕೆಯ ಚಿತ್ರವಿರುವ ಎಚ್ಚರಿಕೆ ಫಲಕ ಕಂಡಲ್ಲಿ, ಅದರಲ್ಲೂ ಶರತ್ಕಾಲದ ಮುಸ್ಸಂಜೆಯಲ್ಲಿ, ವೇಗ ತಗ್ಗಿಸಲೇಬೇಕು. ಆ ಪ್ರಾಣಿಯ ಕಾಲು ಬಹಳ ಉದ್ದ; ಕಾರು ಕಾಲಿಗೆ ಬಡಿದರೆ ನೂರಾರು ಕಿಲೋ ತೂಕದ ಮೈ ನೇರವಾಗಿ ಮುಂದಿನ ಗಾಜಿನ ಮೇಲೆ ಬೀಳುತ್ತದೆ.

ನಾಗರಹೊಳೆಯಲ್ಲಿ ಇಲಾಖೆಯ ಜೀಪಿನಿಂದ ಕೆಳಗಿಳಿಯಲು ಬಿಡದಿರುವುದನ್ನು ನೀನು ನೋಡಿದ್ದೀಯೆ. ಅಲ್ಲಿ ಹಾಗಲ್ಲ: ರಾಷ್ಟ್ರೀಯ ಉದ್ಯಾನಗಳಿಗೆ ಪ್ರವೇಶಶುಲ್ಕವಿಲ್ಲ, ಯಾರ ಕಾಡಿನಲ್ಲಾದರೂ ನಡೆಯುವ, ಹಣ್ಣು, ಅಣಬೆ ಕೊಯ್ಯುವ ಹಕ್ಕು ಎಲ್ಲರಿಗೂ ಇದೆ. ಗೂಡು ಕೆದಕುವುದಕ್ಕೆ, ಪ್ರಾಣಿಯನ್ನು ಅಟ್ಟುವುದಕ್ಕೆ, ಕಂಡಲ್ಲಿ ಬೆಂಕಿ ಹಾಕುವುದಕ್ಕೆ ಮಾತ್ರ ಹಕ್ಕಿಲ್ಲ. ತಡೆಯಲು ಹತ್ತಿರದಲ್ಲಿ ಕಾವಲುಗಾರನಿರುವುದಿಲ್ಲವಾದ್ದರಿಂದ ನಿನ್ನನ್ನು ನೀನೇ ಕಾಯ್ದುಕೊಳ್ಳಬೇಕು, ನಿನ್ನ ಗೆಳೆಯರನ್ನೂ.

ಕೊನೆಯದಾಗಿ, ಉಣುಗಿನ ವಿಷಯ. ಸೊರಬದ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಪತ್ತೆಯಾದ ಮಂಗನ ಕಾಯಿಲೆಯ ಭಯ ನಮ್ಮ ಮನೆಯವರಿಗೆಲ್ಲ ಗೊತ್ತು. ಅದರ ವೈರಾಣುವಿನ ಹತ್ತಿರದ ಸಂಬಂಧಿಯೊಂದು ಫಿನ್ಲೆಂಡಿನ ಉಣುಗುಗಳಲ್ಲೂ ಇದ್ದು, ಮಿದುಳಿನ ಉರಿಯೂತ ತರುತ್ತದೆ. ಕರಾವಳಿ ಮತ್ತು ದ್ವೀಪಗಳಲ್ಲಿ ಅದರ ಕಾಟ ಹೆಚ್ಚು. ಇದಕ್ಕೆ ಲಸಿಕೆಯಿದೆ. ಮೊದಲ ಎರಡು ಡೋಸುಗಳ ನಡುವೆ ಒಂದರಿಂದ ಮೂರು ತಿಂಗಳ ಅಂತರ ಬೇಕಾಗುವುದರಿಂದ ಈ ಚಳಿಗಾಲದಲ್ಲೇ ಶುರುಮಾಡಿದರೆ ಮೇ ತಿಂಗಳ ಹೊತ್ತಿಗೆ ನೀನು ಸಿದ್ಧನಾಗಿರುತ್ತೀಯೆ. ಡಿಸೆಂಬರಿನ ಕರಡಿ ಪ್ರವಾಸಕ್ಕೆಂದು ಎತ್ತಿಟ್ಟ ಹಣದಲ್ಲಿ ಮೊದಲು ಆ ಲಸಿಕೆ ಹಾಕಿಸಿಕೋ, ಉಳಿದದ್ದರಲ್ಲಿ ಒಳ್ಳೆಯ ದುರ್ಬೀನು ಕೊಂಡುಕೋ, ಸವೊನ್ಲಿನ್ನಾಕ್ಕೆ ಹೋಗುವ ದಿನಾಂಕ ಗೊತ್ತಾದ ಕೂಡಲೇ ನನಗೆ ತಿಳಿಸು.

ಇತಿ ಆಶೀರ್ವಾದಗಳೊಂದಿಗೆ,
ನಿನ್ನ ದೊಡ್ಡಪ್ಪ