ಹೋಳಿಗೆ ಬರಲೇಬೇಕಾ ಅಂತ ಕೇಳಿದ್ದೆಯಲ್ಲ: ಮಗಳಿಗೊಂದು ಪತ್ರ

ನವನಗರ, ಬಾಗಲಕೋಟೆ

ನನ್ನವ್ವಾ,

ನಿನ್ನೆ ರಾತ್ರಿ ನೀನು ಧಾರವಾಡದ ಹಾಸ್ಟೆಲಿನಿಂದ ಕಳಿಸಿದ ಮೆಸೇಜಿನಲ್ಲಿ ನಾಲ್ಕೇ ಪದ ಇದ್ದವು. "ಹೋಳಿಗೆ ಊರಿಗೆ ಬರಲೇಬೇಕಾ ಅವ್ವಾ?" ಓದಿದ ಕೂಡಲೇ ಫೋನ್ ಮಾಡಲು ಹೊರಟೆ. ಆಮೇಲೆ ಸುಮ್ಮನಾದೆ. ಫೋನ್ ಬಂದರೆ ನಿನ್ನ ಎದೆ ಡವಡವ ಅನ್ನುತ್ತದೆ. ಆ ಕಡೆಯವರು ಯಾವಾಗ ನಿಲ್ಲಿಸುತ್ತಾರೆ, ನಾನು ಯಾವಾಗ ಮಾತಾಡಬೇಕು ಅಂತ ಲೆಕ್ಕ ಹಾಕುವುದರಲ್ಲೇ ದಣಿದುಬಿಡುತ್ತೀಯ. ಪತ್ರವಾದರೆ ಬೇಕಾದಾಗ ಓದುತ್ತೀಯ. ಅರ್ಧ ಓದಿ ಮಡಚಿಟ್ಟು ನಾಳೆ ಮುಂದುವರಿಸಬಹುದು.

ಮೊದಲು ಉತ್ತರ ಹೇಳಿಬಿಡುತ್ತೇನೆ. ಬರಲೇಬೇಕು ಅಂತೇನಿಲ್ಲ. ಆಗುವುದಾದರೆ ಬಾ. ಆಗದಿದ್ದರೆ ಬೇಡ. ನಿಮ್ಮ ಅಪ್ಪನಿಗೂ ಹೇಳಿದ್ದೇನೆ, ಅವರೂ ಹೂಂ ಅಂದಿದ್ದಾರೆ.

ಇಷ್ಟು ಹೇಳಲು ನನಗೆ ಹನ್ನೆರಡು ವರ್ಷ ಬೇಕಾಯಿತು.

ನಿನಗೆ ಏಳು ವರ್ಷವಿದ್ದಾಗಿನ ಹೋಳಿ ನೆನಪಿದೆಯಾ? ಹಳೇ ಬಾಗಲಕೋಟೆಗೆ, ಕಾಕಾನ ಮನೆಗೆ ಹೋಗಿದ್ದೆವು. ನಮ್ಮೂರ ಹೋಳಿ ಒಂದು ದಿನಕ್ಕೆ ಮುಗಿಯುವುದಲ್ಲ. ಕಾಮಣ್ಣನನ್ನು ಸುಟ್ಟ ಮೇಲೆ ದಿನಗಟ್ಟಲೆ ಬಣ್ಣ. ಓಣಿ ಓಣಿಯವರು ಬ್ಯಾರೆಲ್ ತುಂಬಾ ಬಣ್ಣ ಕಲಸಿ ಬಂಡಿಯಲ್ಲಿ ಹೇರಿಕೊಂಡು ಬರುತ್ತಾರೆ. ಜೊತೆಗೆ ಹಲಗಿ. ಹತ್ತಿಪ್ಪತ್ತು ಹಲಗಿ ಒಟ್ಟಿಗೆ ಬಡಿದರೆ ನಮ್ಮ ಎದೆಯೊಳಗೇ ಬಡಿದ ಹಾಗಾಗುತ್ತದೆ. ನನಗೆ ಅದು ಖುಷಿ. ನೀನು ಎರಡೂ ಕಿವಿ ಮುಚ್ಚಿಕೊಂಡು ಹಿಂದಿನ ಕೋಣೆಗೆ ಓಡಿ ಜೋಳದ ಚೀಲಗಳ ಸಂದಿಯಲ್ಲಿ ಕೂತಿದ್ದೆ. ನಾನು ಕೈ ಹಿಡಿದು ಎಳೆದುಕೊಂಡು ಬಂದೆ. "ಎಲ್ಲಾ ಹುಡುಗರು ಆಡಾಕತ್ತಾವು, ನಿಂದೇನ ಬ್ಯಾರೆ?" ಅಂತ ಬೈದು ಕೆನ್ನೆಗೆ ಬಣ್ಣ ಹಚ್ಚಿದೆ. ನೀನು ಕಿರುಚಿದ್ದು ಓಣಿಗೆಲ್ಲ ಕೇಳಿತು. ಆಮೇಲೆ ಎರಡು ದಿನ ಮಾತೇ ಇಲ್ಲ. ಕಾಕು "ಹುಡುಗಿಗೆ ದೃಷ್ಟಿ ಆಗೇತಿ" ಅಂದಳು. ಉಪ್ಪು ಮೆಣಸಿನಕಾಯಿ ಇಳಿ ತೆಗೆದು ಒಲೆಗೆ ಹಾಕಿದೆವು.

ಮುಂದಿನ ವರ್ಷ ನೀನು ಕಿರುಚಲಿಲ್ಲ. ಬಣ್ಣ ಹಚ್ಚಿದರೆ ನಕ್ಕೆ. ಹುಡುಗಿ ಹೊಂದಿಕೊಂಡಳು ಅಂತ ನಮಗೆಲ್ಲ ಎಷ್ಟು ಖುಷಿಯಾಗಿತ್ತು! ಆವತ್ತಿನ ಫೋಟೋ ಮೊನ್ನೆ ಮತ್ತೆ ನೋಡಿದೆ. ಮುಖದಲ್ಲಿ ನಗುವಿದೆ. ಕೈ ಎರಡೂ ಬಿಗಿ ಮುಷ್ಟಿ. ಇಷ್ಟು ವರ್ಷ ಆ ಫೋಟೋ ನೋಡುತ್ತಲೇ ಬಂದಿದ್ದೇನೆ, ಮುಷ್ಟಿ ಕಂಡಿರಲಿಲ್ಲ.

ನನ್ನ ಮನಸ್ಸಿನಲ್ಲಿ ಕುಟುಕುವುದು ಬೈದದ್ದಕ್ಕಿಂತ ಹೆಚ್ಚಾಗಿ ಹೊಗಳಿದ್ದು. "ಭಾಳ ಶಾಣ್ಯಾಕಿ, ತುಟಿ ಪಿಟಕ್ ಅನ್ನಂಗಿಲ್ಲ" ಅಂತ ಶಾಲೆಯಲ್ಲಿ ಹೊಗಳಿದರು, ನಾನು ಬೀಗಿದೆ. ಮದುವೆ ಮನೆಯಲ್ಲಿ ಐದು ತಾಸು ಜರಿ ಲಂಗದಲ್ಲಿ ಅಲುಗದೆ ಕೂತರೆ ಹೊಗಳಿದೆ. ಗೆಳತಿಯರು ನಕ್ಕಾಗ ಅವರನ್ನು ನೋಡಿ ನೀನೂ ನಗುವುದನ್ನು ಕಲಿತೆ, ಅದನ್ನೂ ಹೊಗಳಿದೆ. ನಿನ್ನ ಜೀವ ಹಿಂಡುತ್ತಿದ್ದದ್ದು ಯಾವುದೋ ಅದನ್ನೇ ಜಾಸ್ತಿ ಮಾಡು ಅಂತ ನಾನೇ ಹೇಳಿದ ಹಾಗಾಯಿತು.

ಹಾಗಾಗಿ ಪಿಯುಸಿ ಎರಡನೇ ವರ್ಷದಲ್ಲಿ ನೀನು ಹಾಸಿಗೆಯಿಂದ ಏಳದಾದಾಗ ನಮಗೆ ತಲೆಬುಡ ತಿಳಿಯಲಿಲ್ಲ. ಮೊಸರನ್ನ ಬಿಟ್ಟರೆ ಬೇರೇನೂ ಸೇರುತ್ತಿರಲಿಲ್ಲ. ಸ್ನಾನದ ನೀರು ಮೈಗೆ ಸೂಜಿ ಚುಚ್ಚಿದ ಹಾಗಾಗುತ್ತದೆ ಅಂದೆ. ನಾವು ಮೊಬೈಲ್ ಅಂದೆವು, ಸೋಮಾರಿತನ ಅಂದೆವು. ಮೊದಲು ತೋರಿಸಿದ ಡಾಕ್ಟರು ಪರೀಕ್ಷೆಯ ಭಯ ಅಂದು ಟಾನಿಕ್ ಬರೆದುಕೊಟ್ಟರು. ಧಾರವಾಡಕ್ಕೆ ಹೋಗೋಣ ಅಂತ ನಿಮ್ಮ ಅಪ್ಪ ಅಂದಾಗ ತಡೆದವಳು ನಾನು. ನಮ್ಮ ಕಡೆ "ಇವನ್ನ ಧಾರವಾಡಕ್ಕ ಕಳಸಬೇಕು" ಅಂದರೆ ಹುಚ್ಚರ ಆಸ್ಪತ್ರೆಗೆ ಕಳಿಸಬೇಕು ಅನ್ನುವ ಬೈಗುಳ ಅಲ್ವಾ. ನೆರೆಹೊರೆಯವರಿಗೆ ಏನು ಹೇಳುವುದು ಅಂತ ಎರಡು ತಿಂಗಳು ಕಳೆದೆ. ಆ ಎರಡು ತಿಂಗಳು ನಿನ್ನದು. ನಾನು ತಿಂದುಬಿಟ್ಟೆ.

ಡಿಮ್ಹಾನ್ಸ್‌ನಲ್ಲಿ, ಅದೇ ಧಾರವಾಡದ ಮಾನಸಿಕ ಆರೋಗ್ಯ ಆಸ್ಪತ್ರೆಯಲ್ಲಿ, ಆ ಮೇಡಂ ನಿನ್ನ ಬಾಲ್ಯದ ಬಗ್ಗೆ ಒಂದೊಂದೇ ಕೇಳುತ್ತಾ ಹೋದರು. ಯಾವ ಬಟ್ಟೆ ಕಿತ್ತು ಬಿಸಾಕುತ್ತಿದ್ದಳು, ಆಟದಲ್ಲಿ ಏನು ಮಾಡುತ್ತಿದ್ದಳು. ನವನಗರದ ಸೆಕ್ಟರ್ ನಂಬರುಗಳನ್ನೆಲ್ಲ ನಾಲ್ಕನೇ ವಯಸ್ಸಿಗೇ ಬಾಯಿಪಾಠ ಹೇಳುತ್ತಿದ್ದಳು ಅಂದೆ. ಅವರು ಮುಗುಳ್ನಕ್ಕು ಬರೆದುಕೊಂಡರು. ನಿನಗಿರುವುದು ಆಟಿಸಂ, ಅಂದರೆ ಮೆದುಳು ಬೆಳೆಯುವ ಬಗೆಯೇ ಬೇರೆ, ಅದು ಹುಟ್ಟಿನಿಂದ ಬಂದದ್ದು, ಖಿನ್ನತೆ ಮತ್ತು ಆತಂಕ ಆಮೇಲೆ ಸೇರಿಕೊಂಡದ್ದು ಅಂತ ಬಿಡಿಸಿ ಹೇಳಿದರು. ಎಲ್ಲರ ಹಾಗೆ ಕಾಣಲು ದಿನವಿಡೀ ತನ್ನನ್ನು ಮುಚ್ಚಿಟ್ಟುಕೊಳ್ಳುವುದಕ್ಕೆ ಮಾಸ್ಕಿಂಗ್ ಅನ್ನುತ್ತಾರಂತೆ. ಹುಡುಗಿಯರು ಅದನ್ನು ಜಾಸ್ತಿ ಮಾಡುತ್ತಾರೆ, ಹಾಗಾಗಿ ಎಷ್ಟೋ ಜನರಿಗೆ ಹದಿನೇಳು ಹದಿನೆಂಟಾದರೂ ಪತ್ತೆಯೇ ಆಗುವುದಿಲ್ಲ. 1943ರಲ್ಲಿ ಲಿಯೋ ಕ್ಯಾನರ್ ಎಂಬ ವೈದ್ಯರು ಆಟಿಸಂ ಬಗ್ಗೆ ಬರೆದಾಗ ಅವರ ಮುಂದಿದ್ದದ್ದು 11 ಮಕ್ಕಳು. 8 ಹುಡುಗರು, 3 ಹುಡುಗಿಯರು. ಹೆಚ್ಚಾಗಿ ಗಂಡುಮಕ್ಕಳನ್ನು ನೋಡಿ ಲಕ್ಷಣಗಳ ಪಟ್ಟಿ ಬೆಳೆಯಿತು. ನಿನ್ನಂಥವರು ಆ ಪಟ್ಟಿಯ ಕಣ್ಣು ತಪ್ಪಿಸಿಕೊಂಡರು.

ನಾನು ಅಂಗನವಾಡಿಯವಳು. ಇಷ್ಟು ವರ್ಷ ಊರ ಮಕ್ಕಳ ತೂಕ, ಎತ್ತರ ಬರೆದಿದ್ದೇನೆ. ವರ್ಷಕ್ಕೆ ಎರಡು ಸಲ ಬಾಲ ಸ್ವಾಸ್ಥ್ಯ ತಂಡದ ವೈದ್ಯರು ಬಂದಾಗ ಬೆಳವಣಿಗೆ ತಡವಾದ ಮಕ್ಕಳನ್ನು ನಾನೇ ಮುಂದೆ ಕರೆದು ನಿಲ್ಲಿಸಿದ್ದೇನೆ. ಆದರೆ ನೀನು ಬೇಗ ಓದಿದೆ, ಬೇಗ ಬರೆದೆ. ಹಿಂದೆ ಬಿದ್ದವರನ್ನು ಹುಡುಕುವ ಕಣ್ಣಿಗೆ ನೀನು ಹೇಗೆ ಬೀಳಬೇಕು?

ನನ್ನ ತಪ್ಪಿನಿಂದ ಹೀಗಾಯಿತಾ ಅಂತ ಆವತ್ತು ಡಿಮ್ಹಾನ್ಸ್ ಮೇಡಂ ಅವರನ್ನು ಕೇಳಿದೆ. ನೀನು ಹೊರಗೆ ಬೆಂಚಿನ ಮೇಲಿದ್ದೆ, ನಿನಗೆ ಗೊತ್ತಿಲ್ಲ. ತಾಯಿಯ ಪ್ರೀತಿ ಸಾಲದೆ ಆಟಿಸಂ ಬರುತ್ತದೆ ಅಂತ 1950ರ ದಶಕದಲ್ಲಿ ದೊಡ್ಡ ದೊಡ್ಡವರೇ ನಂಬಿದ್ದರಂತೆ. ಅಂಥವರನ್ನು ಫ್ರಿಜ್ಜಿನಂಥ ತಾಯಂದಿರು ಅಂತ ಕರೆಯುತ್ತಿದ್ದರಂತೆ. ಬರ್ನಾರ್ಡ್ ರಿಮ್ಲ್ಯಾಂಡ್ ಅಂತ ಒಬ್ಬ ಮನಶ್ಶಾಸ್ತ್ರಜ್ಞ, ಆಟಿಸಂ ಇರುವ ಮಗನ ತಂದೆ, 1964ರಲ್ಲಿ ಅದು ತಪ್ಪು, ಇದು ಮೆದುಳು ರೂಪುಗೊಳ್ಳುವ ಬಗೆಗೆ ಸೇರಿದ್ದು ಅಂತ ವಾದಿಸಿದ. ಅದನ್ನು ಕೇಳಿ ನಾನು ಅತ್ತೆ. ನಿನ್ನ ಮೆದುಳು ಹಾಗಿರುವುದಕ್ಕೆ ನಾನು ಕಾರಣಳಲ್ಲ. ನಿನ್ನ ದಣಿವಿಗೆ ಮಾತ್ರ ನನ್ನ ಪಾಲೂ ಇದೆ. ಎರಡನ್ನೂ ಬೇರೆ ಬೇರೆ ಇಟ್ಟುಕೊಳ್ಳುವುದನ್ನು ಕಲಿಯುತ್ತಿದ್ದೇನೆ.

ಇನ್ನೊಂದು ತಪ್ಪನ್ನೂ ಇಲ್ಲೇ ಒಪ್ಪಿಕೊಳ್ಳುತ್ತೇನೆ. ಮೊದಲ ಸಲ ಗುಳಿಗೆ ಕೊಟ್ಟಾಗ ಹತ್ತು ದಿನಕ್ಕೇ ನಿಲ್ಲಿಸಿದ್ದು ನಾನು. ಒಬ್ಬರು ಬಂದು "ಚಟಾ ಆಗತೈತಿ" ಅಂದರು, ಹೆದರಿದೆ. ನಿನಗೆ ತಲೆ ತಿರುಗಿತು, ನಿದ್ದೆ ಕೆಟ್ಟಿತು, ಕಾರಣವಿಲ್ಲದೆ ಅಳು ಬಂತು. ಖಿನ್ನತೆಯ ಔಷಧಿ ಕೆಲಸ ಮಾಡಲು ಕೆಲವು ವಾರ ಬೇಕು, ಬಿಡುವುದಾದರೂ ವೈದ್ಯರನ್ನು ಕೇಳಿ ನಿಧಾನಕ್ಕೆ ಬಿಡಬೇಕು ಅಂತ ಆಮೇಲೆ ತಿಳಿಯಿತು. ಆಟಿಸಂಗೆ ಗುಳಿಗೆ ಇಲ್ಲ, ಅದು ವಾಸಿ ಮಾಡಬೇಕಾದ ಕಾಯಿಲೆಯೂ ಅಲ್ಲ. ಗುಳಿಗೆ ಇರುವುದು ಖಿನ್ನತೆಯ ಕತ್ತಲಿಗೆ. ಈಗ ನಿನ್ನ ಔಷಧಿಯ ಬಗ್ಗೆ ಯಾರಾದರೂ ಬಾಯಿ ಹಾಕಿದರೆ ನಾನು ಮಾತು ಬದಲಿಸುವುದಿಲ್ಲ, ನೇರವಾಗಿ ಹೇಳುತ್ತೇನೆ.

ಮೊನ್ನೆ ಆಯಿಯ, ನಿನ್ನ ಅಜ್ಜಿಯ, ಪೆಟ್ಟಿಗೆ ತೆಗೆದೆ. ನೀನು ಕಿವಿ ಮುಚ್ಚಿಕೊಂಡು ಓಡಿ ಬಂದರೆ ಆಯಿ ಏನೂ ಕೇಳುತ್ತಿರಲಿಲ್ಲ ಅಲ್ವಾ. ಕೌದಿ ಹೊದಿಸಿ ಪಕ್ಕದಲ್ಲಿ ಕೂರುತ್ತಿದ್ದರು. ಹಳೇ ಇಳಕಲ್ಲ ಸೀರೆ, ಅಜ್ಜನ ಧೋತರ, ಪದರದ ಮೇಲೆ ಪದರ ಹಾಕಿ ಹೊಲಿದ ಕೌದಿ. ಮೆತ್ತಗೆ, ಆದರೆ ಒಳ್ಳೆ ಭಾರ. ಅದರ ಕೆಳಗೆ ಅರ್ಧ ತಾಸಿನಲ್ಲಿ ನಿನ್ನ ಉಸಿರು ಸರಿಹೋಗುತ್ತಿತ್ತು. ಮೈಮೇಲೆ ಒಂದೇ ಸಮನಾದ ಭಾರ ಬಿದ್ದರೆ ಕೆಲವರಿಗೆ ಸಮಾಧಾನವಾಗುತ್ತದೆ, ಅದಕ್ಕಂತಲೇ ಭಾರದ ಹೊದಿಕೆ ಮಾರುತ್ತಾರೆ ಅಂತ ನೀನೇ ತೋರಿಸಿದ್ದೆ. ಆಯಿಗೆ ಆ ಹೆಸರೆಲ್ಲ ಗೊತ್ತಿರಲಿಲ್ಲ.

ಆಯಿಯ ವಿಷಯ ಒಂದು ಹೇಳಬೇಕು. ಆಲಮಟ್ಟಿ ಹಿನ್ನೀರಿಗೆ ಹಳೇ ಊರಿನ ಮನೆ ಹೋದ ಮೇಲೆ ಅವರು ಈ ಹೊಸ ಮನೆಗೆ ಬಂದು ಸುಮ್ಮನಾಗಿಬಿಟ್ಟರು. ಊಟ ಕಡಿಮೆಯಾಯಿತು. ನಸುಕಿನಲ್ಲಿ ಮೂರಕ್ಕೇ ಎದ್ದು ಕೂರುತ್ತಿದ್ದರು. ದಿನವೆಲ್ಲ ಕೌದಿ ಹೊಲಿಯುತ್ತಿದ್ದರು. ನಾವು ವಯಸ್ಸಾಯಿತು ಅಂದೆವು. ಅದೂ ಖಿನ್ನತೆಯೇ ಇರಬಹುದು ಅಂತ ಈಗ ಅನಿಸುತ್ತದೆ. ಅವರನ್ನು ಯಾರೂ ಒಂದು ಮಾತು ಕೇಳಲಿಲ್ಲ.

ಅದಕ್ಕೇ ನಾನು ನಿನ್ನನ್ನು ಕೇಳುತ್ತೇನೆ. ಹೋದ ವರ್ಷ ನೀನು "ಬೆಳಗ್ಗೆ ಏಳೋದೇ ಬೇಡ ಅನಿಸ್ತದ" ಅಂತ ಬರೆದಾಗ ನನ್ನ ಕೈಕಾಲು ತಣ್ಣಗಾಗಿದ್ದವು. ಸಾಯುವ ಯೋಚನೆ ಬರುತ್ತಿದೆಯಾ ಅಂತ ಬಾಯಿಬಿಟ್ಟು ಕೇಳಿದರೆ ಇಲ್ಲದ್ದನ್ನು ತಲೆಗೆ ಹಾಕಿದ ಹಾಗಾಗುತ್ತದೇನೋ ಅಂತ ಹೆದರಿದ್ದೆ. ಹಾಗಾಗುವುದಿಲ್ಲ, ನೇರವಾಗಿ ಕೇಳಿದರೆ ಹೇಳಿಕೊಳ್ಳುವವರಿಗೆ ಹಗುರವಾಗುತ್ತದೆ ಅಂತ ಮೇಡಂ ಹೇಳಿದರು. ಇನ್ನು ಮುಂದೆ ನಾನು ಆ ಪದ ಬಳಸಿಯೇ ಕೇಳುತ್ತೇನೆ. ನೀನು ಹೌದು ಅಂದರೆ ಬೈಯುವುದಿಲ್ಲ, ಗೋಳಾಡುವುದಿಲ್ಲ, ದೇವರ ಆಣೆ ಹಾಕಿಸಿಕೊಳ್ಳುವುದಿಲ್ಲ.

ಬರೆಯಲೂ ಆಗದ ರಾತ್ರಿ ಬರಬಹುದು. ಆಗ "ಕೌದಿ" ಅಂತ ಒಂದೇ ಪದ ಕಳಿಸು. ಯಾಕೆ, ಏನು ಅಂತ ಕೇಳುವುದಿಲ್ಲ, ಸಿಕ್ಕ ಮೊದಲ ಬಸ್ ಹತ್ತುತ್ತೇನೆ. ಆದರೆ ಧಾರವಾಡ ಮುಟ್ಟಲು ನನಗೆ ಮೂರು ತಾಸಿನ ಮೇಲೇ ಬೇಕು. ಅಲ್ಲಿಯವರೆಗೆ ಒಬ್ಬಳೇ ಇರಬೇಡ. 14416 ಟೆಲಿ ಮಾನಸ್ ಸಹಾಯವಾಣಿ. ಸರ್ಕಾರ 2022ರ ಅಕ್ಟೋಬರ್ 10ರಂದು ಶುರು ಮಾಡಿದ್ದು. ದುಡ್ಡಿಲ್ಲ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡುತ್ತಾರೆ. ಫೋನ್ ನಿನಗೆ ಕಷ್ಟ ಅಂತ ಗೊತ್ತು. ನಿನ್ನ ರೂಮ್‌ಮೇಟಿಗೆ ಒಪ್ಪಿಗೆಯಿದ್ದರೆ ಆ ನಂಬರು, ನನ್ನ ನಂಬರು ಎರಡನ್ನೂ ಚೀಟಿಯಲ್ಲಿ ಬರೆದು ಕಪಾಟಿನ ಬಾಗಿಲಿಗೆ ಅಂಟಿಸು. ಮಾತಾಡಲು ಆಗದಾಗ ಅದರ ಕಡೆ ಬೆರಳು ತೋರಿಸಿದರೆ ಸಾಕು, ಅವಳೇ ಹಚ್ಚಿಕೊಡುತ್ತಾಳೆ.

ಈಗ ನಿನಗೆ ಹತ್ತೊಂಬತ್ತು. ನಿನ್ನ ಒಪ್ಪಿಗೆ ಇಲ್ಲದೆ ನಿನ್ನ ವಿಷಯ ನನಗೆ ಹೇಳಲಾಗದು ಅಂತ ಹೋದ ಸಲ ಮೇಡಂ ಅಂದರು. 2017ರ ಮಾನಸಿಕ ಆರೋಗ್ಯ ಕಾಯ್ದೆ ನಿನಗೆ ಕೊಟ್ಟ ಹಕ್ಕಂತೆ ಅದು. ಆ ಕ್ಷಣಕ್ಕೆ ನೋವಾಯಿತು. ಬಸ್ಸಿನಲ್ಲಿ ವಾಪಸ್ ಬರುವಾಗ ಸಮಾಧಾನವಾಯಿತು. ನಿನಗೆ ಅವ್ವನ ಮುಂದೆ ಹೇಳಲಾಗದ್ದನ್ನು ಹೇಳಿಕೊಳ್ಳಲು ಒಂದು ಜಾಗ ಇದೆಯಲ್ಲ. ಅಂಗವಿಕಲತೆಯ ಪ್ರಮಾಣಪತ್ರದ ವಿಷಯವೂ ಅಷ್ಟೇ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಗಳಲ್ಲಿ ಆಟಿಸಂ ಕೂಡ ಇದೆ. ಪರೀಕ್ಷೆಗೆ ಹೆಚ್ಚಿನ ಸಮಯ ಕೇಳಲು ಅದು ಬೇಕಾಗುತ್ತದೆ. ಮಾಡಿಸುವುದು ಬಿಡುವುದು ನಿನ್ನ ತೀರ್ಮಾನ. ಮುಂದೆ ಮದುವೆಗೆ ತೊಂದರೆಯಾಗುತ್ತದೆ ಅಂತ ಸೋದರತ್ತೆ ಹೇಳಿದ್ದನ್ನು ಲೆಕ್ಕಕ್ಕೆ ಹಿಡಿಯಬೇಡ.

ಮತ್ತೆ ಹೋಳಿಗೆ ಬರುತ್ತೇನೆ. ಮನೆಗೆ ಬಂದರೆ ಹಿಂದಿನ ಕೋಣೆ ನಿನ್ನದು, ಒಳಗಿಂದ ಚಿಲಕ ಹಾಕಿಕೋ. ಯಾರೂ ಬಾಗಿಲು ಬಡಿಯುವುದಿಲ್ಲ, ಬಣ್ಣ ಹಚ್ಚುವುದಿಲ್ಲ. ಕಾಕಾನ ಮನೆಗೆ ನಾವು ಬೇಕಾದರೆ ಹೋಗಿ ಬರುತ್ತೇವೆ. ಇಲ್ಲವಾದರೆ ಆ ಮೂರು ದಿನ ನಾವಿಬ್ಬರೇ ಇಳಕಲ್ಲಿಗೆ ಮಾಮಾನ ಮನೆಗೆ ಹೋಗೋಣ. ಸಣ್ಣವಳಿದ್ದಾಗ ಹಲಗಿಗೆ ಹೆದರುತ್ತಿದ್ದವಳು ಮಗ್ಗದ ಖಟ್ ಖಟ್ ಸದ್ದಿಗೆ ನಿದ್ದೆ ಹೋಗುತ್ತಿದ್ದೆ. ಇದೇನು ವಿಚಿತ್ರ ಅಂದುಕೊಳ್ಳುತ್ತಿದ್ದೆ. ಮಗ್ಗದ ಮುಂದಿನ ಪೆಟ್ಟು ಯಾವಾಗ ಬೀಳುತ್ತದೆ ಅಂತ ನಿನಗೆ ಮೊದಲೇ ಗೊತ್ತಿರುತ್ತಿತ್ತು, ಅಷ್ಟೇ ಅಲ್ವಾ? ಮಾಮಾ ಈಗ ಮಗ್ಗಕ್ಕೆ ಇಳಕಲ್ಲಿನ ಟೋಪ ತೆನಿ ಸೆರಗಿನ ಸೀರೆ ಹಚ್ಚಿದ್ದಾನೆ. ಒಡಲಿನ ಹಾಸು ಎಳೆಗಳಿಗೂ ಸೆರಗಿನ ಹಾಸು ಎಳೆಗಳಿಗೂ ಕೊಂಡಿ ಕೂಡಿಸುವುದನ್ನು ನೋಡುತ್ತಾ ಕೂತರೆ ನಿನಗೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ.

ಉತ್ತರ ಒಂದೇ ಪದದಲ್ಲಿ ಕಳಿಸು, ಸಾಕು: ಮನೆ, ಇಳಕಲ್ಲು, ಇಲ್ಲವೇ ಹಾಸ್ಟೆಲ್.

ಹಾಸ್ಟೆಲ್ ಅಂದರೆ ಶನಿವಾರ ನಾನೇ ಬಂದು ಕೌದಿ ಕೊಟ್ಟು ಹೋಗುತ್ತೇನೆ. ಗೇಟಿನ ಹತ್ತಿರವೇ ನಿಂತಿರುತ್ತೇನೆ, ನೀನು ಕರೆದರೆ ಮಾತ್ರ ಒಳಗೆ ಬರುತ್ತೇನೆ. ಸೋಪಿನ ವಾಸನೆ ನಿನಗಾಗುವುದಿಲ್ಲ ಅಂತ ಬರೀ ನೀರಲ್ಲಿ ತೊಳೆದಿದ್ದೇನೆ. ಮಾಳಿಗೆಯ ಮೇಲೆ ಹರವಿದ್ದೇನೆ, ಭಾರ ಇದೆಯಲ್ಲ, ಒಣಗಲು ಇನ್ನೂ ಎರಡು ಬಿಸಿಲು ಬೇಕು.

ನಿನ್ನ
ಅವ್ವ