ಲೆಮೇತ್ರ್ ಹೊಡೆದುಹಾಕಿದ ಸಾಲು

ವಿರಾಜಪೇಟೆ, ಕೊಡಗು

ಪ್ರೀತಿಯ ಮಗಳೇ,

ದೊಡ್ಡಪ್ಪನ ಮೊಬೈಲಿಗೆ ಬಂದ ಸಂದೇಶದ ಬಗ್ಗೆ ನೀನು ಫೋನಿನಲ್ಲಿ ಸಿಡುಕಿದಾಗ ನಾನು ಏನೂ ಹೇಳಲಿಲ್ಲ. ತಲಕಾವೇರಿಯ ತೀರ್ಥೋದ್ಭವವನ್ನು ವಿಜ್ಞಾನಿಗಳೇ ಸಾಬೀತು ಮಾಡಿದ್ದಾರೆ ಎಂದು ಅದರಲ್ಲಿತ್ತು. ಅದು ಸುಳ್ಳು ಎಂದು ನೀನು ಹೇಳಿದ್ದು ಸರಿ. ಆದರೆ ಅದರ ಬೆನ್ನಿಗೇ, ಭೌತವಿಜ್ಞಾನ ಓದುವವಳು ಇನ್ನು ಮುಂದೆ ಕುಂಡಿಕೆಯ ಎದುರು ಕೈಮುಗಿದು ನಿಲ್ಲುವುದು ಹೇಗೆ ಎಂದೆಯಲ್ಲ, ಅದು ನನ್ನ ಮನಸ್ಸಿನಿಂದ ಹೋಗುತ್ತಿಲ್ಲ. ಈ ಪ್ರಶ್ನೆಯನ್ನು ನಿನಗಿಂತ ಬಹಳ ಮೊದಲು, ಬಹಳ ದೊಡ್ಡ ಪ್ರಮಾಣದಲ್ಲಿ ಎದುರಿಸಿದ ಒಬ್ಬರಿದ್ದಾರೆ. ಅವರ ಬಗ್ಗೆ ಬರೆಯುತ್ತೇನೆ, ಓದು.

ಜಾರ್ಜ್ ಲೆಮೇತ್ರ್ ಎಂಬ ಹೆಸರು ನಿನ್ನ ಪಠ್ಯದಲ್ಲಿ ಎಲ್ಲೋ ಒಂದು ಕಡೆ ಬಂದು ಹೋಗಿರುತ್ತದೆ. ಬೆಲ್ಜಿಯಂ ದೇಶದ ಕ್ಯಾಥೊಲಿಕ್ ಪಾದ್ರಿ, ಲೂವೆನ್ ವಿಶ್ವವಿದ್ಯಾನಿಲಯದಲ್ಲಿ ಸುಮಾರು ನಾಲ್ಕು ದಶಕ ಪಾಠ ಹೇಳಿದ ಪ್ರಾಧ್ಯಾಪಕರು. ಪಾದ್ರಿಯೊಬ್ಬರ ಕಥೆ ನಮಗೇಕೆ ಎಂದು ಕೇಳುವವಳಲ್ಲ ನೀನು. ದೊಡ್ಡವೀರರಾಜೇಂದ್ರ ಅರಸರು ಕ್ಯಾಥೊಲಿಕರಿಗೆ ಆಶ್ರಯ ಕೊಟ್ಟ ಕಾಲದಲ್ಲಿ, 1792ರಲ್ಲಿ ಆರಂಭವಾದ ಸಂತ ಅನ್ನಮ್ಮನವರ ಚರ್ಚಿನ ಗಂಟೆ ಕೇಳುತ್ತಲೇ ಬೆಳೆದವಳು.

ಲೆಮೇತ್ರ್ ಹುಟ್ಟಿದ್ದು 1894ರ ಜುಲೈ 17ರಂದು, ಶಾರ್ಲೆರ್ವಾ ಎಂಬ ಕಲ್ಲಿದ್ದಲು ಗಣಿಗಳ ಊರಿನಲ್ಲಿ. ಪಾದ್ರಿಯೂ ಆಗಬೇಕು, ವಿಜ್ಞಾನಿಯೂ ಆಗಬೇಕು ಎಂಬ ಆಸೆ ಬಾಲ್ಯದಲ್ಲೇ ಇತ್ತಂತೆ. ಎಂಜಿನಿಯರಿಂಗ್ ಓದುತ್ತಿದ್ದಾಗ 1914ರ ಯುದ್ಧ ಬಂತು. ತಾವಾಗಿಯೇ ಸೈನ್ಯ ಸೇರಿ ಫಿರಂಗಿದಳದಲ್ಲಿ ಹೋರಾಡಿದರು, ಶೌರ್ಯ ಪದಕವನ್ನೂ ಪಡೆದರು. ಸೈನಿಕರಿಲ್ಲದ ಮನೆ ಅಪರೂಪವಾಗಿರುವ ನಮ್ಮ ಜಿಲ್ಲೆಯಲ್ಲಿ, ಯುದ್ಧ ಕಂಡು ಬಂದವನ ಮನಸ್ಸು ಹೇಗೆ ಬದಲಾಗುತ್ತದೆ ಎಂದು ನಾನು ವಿವರಿಸಬೇಕಾಗಿಲ್ಲ. ಮರಳಿ ಬಂದವರು ಎಂಜಿನಿಯರಿಂಗ್ ಬಿಟ್ಟು ಗಣಿತ ಹಿಡಿದರು. 1920ರಲ್ಲಿ ಡಾಕ್ಟರೇಟ್ ಪಡೆದು ಅದೇ ವರ್ಷ ಪಾದ್ರಿಗಳ ತರಬೇತಿಯ ಸೆಮಿನರಿ ಸೇರಿದರು. 1923ರ ಸೆಪ್ಟೆಂಬರಿನಲ್ಲಿ ಗುರುದೀಕ್ಷೆಯಾಯಿತು. ಅದರ ಬೆನ್ನಲ್ಲೇ ಕೇಂಬ್ರಿಜ್‌ಗೆ ಹೋಗಿ ಖಗೋಳವಿಜ್ಞಾನಿ ಆರ್ಥರ್ ಎಡಿಂಗ್ಟನ್ ಬಳಿ ಸಾಪೇಕ್ಷತಾ ಸಿದ್ಧಾಂತ ಕಲಿಯತೊಡಗಿದರು! ಪಾದ್ರಿಯ ಕಪ್ಪು ನಿಲುವಂಗಿಯಲ್ಲೇ ಅಲ್ಲಿಂದ ಅಮೆರಿಕಕ್ಕೆ ಹೋಗಿ, 1925ರಲ್ಲಿ ಲೂವೆನ್‌ಗೆ ಮರಳಿ ಪಾಠಕ್ಕೆ ನಿಂತರು.

1927ರಲ್ಲಿ ಅವರು ಬರೆದ ಪ್ರಬಂಧ ನಿನ್ನ ವಿಷಯದ ಬುನಾದಿ. ಐನ್‌ಸ್ಟೈನರ ಸಮೀಕರಣಗಳಿಂದಲೇ ಹೊರಟು, ವಿಶ್ವ ಸ್ಥಿರವಾಗಿಲ್ಲ, ಹಿಗ್ಗುತ್ತಿದೆ ಎಂದು ತೋರಿಸಿದರು. ಗೆಲಾಕ್ಸಿಗಳು ಆಕಾಶದೊಳಗೆ ಓಡುತ್ತಿಲ್ಲ, ನಡುವಿನ ಆಕಾಶವೇ ವಿಸ್ತರಿಸುತ್ತಿದೆ ಎಂದರು. ಅಷ್ಟಕ್ಕೇ ನಿಲ್ಲದೆ, ಆಗ ಸಿಗುತ್ತಿದ್ದ 42 ಗೆಲಾಕ್ಸಿಗಳ ಅಳತೆಗಳನ್ನು ಹಿಡಿದು ಹಿಗ್ಗುವಿಕೆಯ ದರವನ್ನೂ ಲೆಕ್ಕ ಹಾಕಿದರು: ಒಂದು ಮೆಗಾಪಾರ್ಸೆಕ್ (ಸುಮಾರು 32 ಲಕ್ಷ ಜ್ಯೋತಿರ್ವರ್ಷ) ದೂರಕ್ಕೆ ಸೆಕೆಂಡಿಗೆ 625 ಕಿಲೋಮೀಟರ್. ಈಗ ನಾವು ಒಪ್ಪುವ ಸಂಖ್ಯೆ 70ರ ಆಸುಪಾಸು. ಅಂದಿನ ದೂರದ ಅಳತೆಗಳೇ ತಪ್ಪಾಗಿದ್ದವು, ತರ್ಕ ತಪ್ಪಾಗಿರಲಿಲ್ಲ. ಅಮೆರಿಕದ ಖಗೋಳವಿಜ್ಞಾನಿ ಎಡ್ವಿನ್ ಹಬಲ್, ಗೆಲಾಕ್ಸಿ ದೂರವಿದ್ದಷ್ಟೂ ವೇಗವಾಗಿ ದೂರ ಸರಿಯುತ್ತದೆ ಎಂಬ ತಮ್ಮ ಪ್ರಸಿದ್ಧ ಫಲಿತಾಂಶ ಪ್ರಕಟಿಸಿದ್ದು ಇದಾದ ಎರಡು ವರ್ಷಗಳ ನಂತರ. ಆದರೆ ಲೆಮೇತ್ರ್ ಬರೆದದ್ದು ಫ್ರೆಂಚಿನಲ್ಲಿ, ಹೊರಗಿನವರು ಹೆಚ್ಚು ಓದದ ಬ್ರಸೆಲ್ಸಿನ ಪತ್ರಿಕೆಯಲ್ಲಿ. ಅದೇ ವರ್ಷ ಸಿಕ್ಕಿದ ಐನ್‌ಸ್ಟೈನ್, ನಿಮ್ಮ ಲೆಕ್ಕ ಸರಿಯಿದೆ, ಭೌತವಿಜ್ಞಾನ ಮಾತ್ರ ಅಸಹ್ಯ ಎಂದುಬಿಟ್ಟರು.

ಇನ್ನು ನಾನು ಹೇಳಬೇಕೆಂದಿರುವ ವಿಷಯ. ಹಿಗ್ಗುತ್ತಿರುವುದನ್ನು ಹಿಂದಕ್ಕೆ ಓಡಿಸಿದರೆ ಒಂದು ಆರಂಭಕ್ಕೆ ಬಂದು ನಿಲ್ಲುತ್ತೇವೆ. 1931ರ ಮೇ ತಿಂಗಳಲ್ಲಿ 'ನೇಚರ್' ಪತ್ರಿಕೆಗೆ ಬರೆದ ಪುಟ್ಟ ಪತ್ರದಲ್ಲಿ ಲೆಮೇತ್ರ್ ಅದನ್ನೇ ಹೇಳಿದರು. ಜಗತ್ತಿನ ಆರಂಭದ ಬಗ್ಗೆ ಬರೆಯುತ್ತಿರುವವರು ಒಬ್ಬ ಪಾದ್ರಿ. ದೇವರ ಹೆಸರು ತರಲು ಇದಕ್ಕಿಂತ ಒಳ್ಳೆಯ ಜಾಗ ಯಾವುದಿದೆ? ಕರಡಿನ ಕೊನೆಯಲ್ಲಿ ಅವರು ತಂದೂ ಇದ್ದರು. ದೇವರು ಸ್ವಭಾವತಃ ಮರೆಯಲ್ಲಿರುವವನು, ಈಗಿನ ಭೌತವಿಜ್ಞಾನ ಸೃಷ್ಟಿಗೆ ಒಂದು ಪರದೆ ಒದಗಿಸಿರುವುದು ಭಕ್ತರಿಗೆ ಸಂತೋಷ ಕೊಡಬಹುದು ಎಂಬ ಅರ್ಥದ ಸಾಲು ಅಲ್ಲಿತ್ತು. ಪ್ರಕಟಣೆಗೆ ಮುಂಚೆ ಆ ಸಾಲನ್ನು ಹೊಡೆದುಹಾಕಿದರು. ಅಚ್ಚಾದ ಪತ್ರದಲ್ಲಿ ಅದು ಇಲ್ಲ. ಗಮನಿಸು, ಆ ಸಾಲಿನಲ್ಲಿಯೂ ಅವರು ವಿಜ್ಞಾನವನ್ನು ಸಾಕ್ಷಿಗೆ ಕರೆದಿರಲಿಲ್ಲ. ಅಷ್ಟನ್ನು ಕೂಡ ಅಲ್ಲಿ ಇರಗೊಡಲಿಲ್ಲ. ಹಾಗೆಂದು ಪ್ರಾರ್ಥನೆ ನಿಲ್ಲಿಸಲಿಲ್ಲ, ಗುರುವಿನ ಬಾಳು ಬಿಡಲಿಲ್ಲ.

1951ರಲ್ಲಿ ಪೋಪ್ ಹನ್ನೆರಡನೇ ಪಯಸ್ ಅವರೇ ಹೊಸ ಖಗೋಳವಿಜ್ಞಾನ ಸೃಷ್ಟಿಕರ್ತನಿಗೆ ಸಾಕ್ಷಿ ಹೇಳುತ್ತಿದೆ ಎಂಬ ಧಾಟಿಯಲ್ಲಿ ಮಾತನಾಡಿದರು. ಬೇರೆ ಯಾರಾದರೂ ಆಗಿದ್ದರೆ ಹಿಗ್ಗಿಹೋಗುತ್ತಿದ್ದರು. ತಮ್ಮ ಸಿದ್ಧಾಂತವನ್ನು ತಮ್ಮ ಧರ್ಮದ ಅತ್ಯುನ್ನತ ಗುರುವೇ ಎತ್ತಿ ಹಿಡಿದಿದ್ದರು! ಲೆಮೇತ್ರ್ ನೊಂದುಕೊಂಡರು. ರೋಮ್‌ಗೆ ಹೋದಾಗ ವ್ಯಾಟಿಕನ್ ವೀಕ್ಷಣಾಲಯದ ನಿರ್ದೇಶಕರಾಗಿದ್ದ ಡೇನಿಯಲ್ ಓಕಾನೆಲ್ ಅವರೊಡನೆ ಈ ವಿಷಯ ಚರ್ಚಿಸಿದರು. ಮರುವರ್ಷ ಖಗೋಳವಿಜ್ಞಾನಿಗಳ ಸಮ್ಮೇಳನದವರನ್ನು ಉದ್ದೇಶಿಸಿ ಪೋಪ್ ಮಾತನಾಡಿದಾಗ ಆ ಧಾಟಿ ಇರಲಿಲ್ಲ.

ಲೆಮೇತ್ರ್ ಅವರ ಹಟ ಎಷ್ಟು ಸರಿಯಾಗಿತ್ತೆಂದು ಯೋಚಿಸು. ಆರಂಭದಲ್ಲಿ ಇಡೀ ವಿಶ್ವ ಒಂದು ಮಹಾ ಪರಮಾಣುವಾಗಿತ್ತು, ಅದು ಒಡೆಯುತ್ತಾ ಹೋಯಿತು, ಬಾಹ್ಯಾಕಾಶದಿಂದ ಭೂಮಿಗೆ ಬಂದು ಬೀಳುವ ವಿಶ್ವಕಿರಣಗಳೇ ಅದರ ಅವಶೇಷ ಎಂದು ಅವರು ನಂಬಿದ್ದರು. ವಿಶ್ವಕಿರಣಗಳ ಮೂಲ ಬೇರೆ ಎಂದು ಆಮೇಲೆ ತಿಳಿಯಿತು. ಮಹಾ ಪರಮಾಣುವಿನ ಆ ಚಿತ್ರವೂ ಉಳಿಯಲಿಲ್ಲ. ಅದರ ಮೇಲೆ ಯಾರಾದರೂ ದೇವರನ್ನು ಕೂರಿಸಿದ್ದರೆ ದೇವರ ಗತಿ ಏನಾಗುತ್ತಿತ್ತು? ದೊಡ್ಡಪ್ಪನ ಮೊಬೈಲಿನ ಸಂದೇಶದಲ್ಲಿ ನನಗೆ ಕಾಣುವ ಅಪಾಯ ಇದೇ. ಇಂದು ಪ್ರಯೋಗಾಲಯದಿಂದ ಸಾಕ್ಷಿ ತಂದವರು ನಾಳೆ ಪ್ರಯೋಗಾಲಯ ಬೇರೆ ಮಾತು ಹೇಳಿದಾಗ ಏನು ಮಾಡುತ್ತಾರೆ? ನಾನು ತುಲಾ ಸಂಕ್ರಮಣಕ್ಕೆ ಹೋಗುವುದು ಬ್ರಹ್ಮಗಿರಿಯ ನೀರನ್ನು ಪರೀಕ್ಷಿಸಲು ಅಲ್ಲ. ನಮ್ಮ ಗದ್ದೆ, ನಮ್ಮ ಬಾವಿ, ನಾವು ಉಣ್ಣುವ ಅನ್ನ ಎಲ್ಲವೂ ಆ ನೀರಿನ ಋಣ. ಋಣ ನೆನೆಯಲು ಹೋಗುತ್ತೇನೆ. ಆ ನೀರು ಭೂಮಿಯೊಳಗೆ ಹೇಗೆ ಹರಿಯುತ್ತದೆ ಎಂದು ನೀನು ಅಳೆಯುವುದಾದರೆ ಅಳೆ, ಏನು ಸಿಕ್ಕಿದರೂ ಹಾಗೆಯೇ ಬರೆ. ನಿನ್ನ ಲೆಕ್ಕ ನನ್ನ ನಮಸ್ಕಾರವನ್ನು ತಡೆಯುವುದಿಲ್ಲ, ನನ್ನ ನಮಸ್ಕಾರ ನಿನ್ನ ಲೆಕ್ಕವನ್ನು ತಿದ್ದಕೂಡದು. ದೊಡ್ಡಪ್ಪನಿಗೂ ಇದನ್ನೇ ಹೇಳಿದ್ದೇನೆ, ಅವರು ಇನ್ನೂ ಒಪ್ಪಿಲ್ಲ.

ಲೂವೆನ್‌ನಲ್ಲಿ ಲೆಮೇತ್ರ್ ಅವರ ಕೊನೆಯ ವರ್ಷಗಳು ಪಾಠದಲ್ಲಿ, ಲೆಕ್ಕ ಮಾಡುವ ಯಂತ್ರಗಳ ಜೊತೆಯಲ್ಲಿ ಕಳೆದವು. 1958ರಲ್ಲಿ ವಿಶ್ವವಿದ್ಯಾನಿಲಯಕ್ಕೆ ಬಂದ ವಿದ್ಯುನ್ಮಾನ ಯಂತ್ರದ ಮೇಲೆ ಅರವತ್ತು ದಾಟಿದ ಈ ಪಾದ್ರಿ ಪ್ರೋಗ್ರಾಂ ಬರೆಯುತ್ತಿದ್ದರು. ಶಾಲೆಯಲ್ಲಿ ಗಣಿತ ಹೇಳಿಕೊಟ್ಟ ನನಗೆ ಇದು ಬಲು ಇಷ್ಟದ ಸಂಗತಿ. ಅವರ ದೊಡ್ಡ ನಗು ಎಲ್ಲರಿಗೂ ಪರಿಚಿತವಾಗಿತ್ತಂತೆ.

1964ರ ಕೊನೆಯಲ್ಲಿ ಹೃದಯಾಘಾತವಾಯಿತು. ಬಳಿಕ ರಕ್ತದ ಕ್ಯಾನ್ಸರ್. ಅಷ್ಟರಲ್ಲಿ ಅಮೆರಿಕದಲ್ಲಿ ಪೆಂಜಿಯಾಸ್ ಮತ್ತು ವಿಲ್ಸನ್ ತಮ್ಮ ಆಂಟೆನಾದಲ್ಲಿ ಎಲ್ಲ ದಿಕ್ಕಿನಿಂದಲೂ ಒಂದೇ ಸಮನೆ ಬರುತ್ತಿದ್ದ ಸೂಕ್ಷ್ಮತರಂಗ ವಿಕಿರಣವನ್ನು ಗುರುತಿಸಿದ್ದರು, 1965ರಲ್ಲಿ ಪ್ರಕಟಿಸಿದರು. ವಿಶ್ವದ ಬಿಸಿಯಾದ ಆದಿಯಿಂದ ಉಳಿದುಬಂದ ಬೆಳಕು ಅದು. ಲೆಮೇತ್ರ್ ಜೀವನವಿಡೀ ಹುಡುಕಿದ ಅವಶೇಷ, ಅವರು ಊಹಿಸಿದ ರೂಪದಲ್ಲಲ್ಲ, ಬೇರೆ ರೂಪದಲ್ಲಿ ಸಿಕ್ಕಿತ್ತು. ಅವರ ಸಹಾಯಕರೂ ಮುಂದೆ ಅವರ ಜಾಗಕ್ಕೆ ಬಂದವರೂ ಆದ ಓಡೋನ್ ಗೊದಾರ್ ಈ ಸುದ್ದಿಯನ್ನು ಆಸ್ಪತ್ರೆಯ ಹಾಸಿಗೆಗೆ ಮುಟ್ಟಿಸಿದರು. ಕೇಳಿ ಸಂತೋಷಪಟ್ಟರಂತೆ. 1966ರ ಜೂನ್ 20ರಂದು ಲೂವೆನ್‌ನಲ್ಲಿ ತೀರಿಕೊಂಡರು, ವಯಸ್ಸು 71. ಹಾಸಿಗೆಯಲ್ಲಿ ಮಲಗಿದ್ದ ಅವರಿಗೆ ಆ ಸುದ್ದಿ ಸಿಕ್ಕಿತಲ್ಲ ಎಂಬುದು ಈಗಲೂ ನನಗೆ ಸಮಾಧಾನ ಕೊಡುತ್ತದೆ.

1927ರ ಪ್ರಬಂಧ 1931ರಲ್ಲಿ ಇಂಗ್ಲಿಷಿಗೆ ಬಂದಾಗ ಹಿಗ್ಗುವಿಕೆಯ ದರ ಲೆಕ್ಕ ಹಾಕಿದ ಭಾಗವೇ ಅದರಲ್ಲಿ ಇರಲಿಲ್ಲ. ಯಾರೋ ಬೇಕೆಂದೇ ಕತ್ತರಿಸಿದರು ಎಂದು ಬಹಳ ಜನ ಅನುಮಾನಿಸಿದ್ದರು. 2011ರಲ್ಲಿ ಬೆಳಕಿಗೆ ಬಂದ ಪತ್ರದಿಂದ ತಿಳಿದದ್ದು, ಅನುವಾದ ಮಾಡಿದವರೂ ಆ ಭಾಗ ಬಿಟ್ಟವರೂ ಲೆಮೇತ್ರ್ ಅವರೇ. ಹೊಸ ಅಳತೆಗಳು ಬಂದಿದ್ದರಿಂದ ಹಳೆಯದನ್ನು ಮತ್ತೆ ಅಚ್ಚು ಹಾಕುವ ಅಗತ್ಯ ಅವರಿಗೆ ಕಾಣಲಿಲ್ಲ. ಅಂತರರಾಷ್ಟ್ರೀಯ ಖಗೋಳ ಒಕ್ಕೂಟ 2018ರಲ್ಲಿ ಮತ ಹಾಕಿಸಿ, ಹಬಲ್ ನಿಯಮವನ್ನು ಹಬಲ್–ಲೆಮೇತ್ರ್ ನಿಯಮ ಎಂದು ಕರೆಯಲು ಶಿಫಾರಸು ಮಾಡಿತು. ನಿನ್ನ ಸೆಮಿನಾರಿನಲ್ಲಿ ಆ ಸಮೀಕರಣ ಬಂದರೆ ಬೋರ್ಡಿನ ಮೇಲೆ ಎರಡೂ ಹೆಸರು ಬರೆ. ಯಾರಾದರೂ ಯಾಕೆಂದು ಕೇಳಿದರೆ ವಿವರವಾಗಿ ಹೇಳು.

ನಿನ್ನ ಅಮ್ಮ