ಜೋಳದ ಎಲೆ ಕಷಾಯ ಸಿಕಲ್ ಸೆಲ್‌ಗೆ ಮದ್ದಲ್ಲ

ಮಾನ್ಯ ಸಂಪಾದಕರೇ,

ಜೋಳದ ಎಲೆ, ತೊಗರಿ, ಲವಂಗದಲ್ಲಿ ಸಿಕಲ್ ಸೆಲ್ ರೋಗಕ್ಕೆ (ಕೆಂಪು ರಕ್ತಕಣ ಕುಡುಗೋಲಿನಂತೆ ಬಾಗುವ ವಂಶಪಾರಂಪರ್ಯ ರೋಗ) ಮದ್ದಿದೆ ಎಂಬ ಮಾತು ಪೂರ್ತಿ ಸುಳ್ಳಲ್ಲ. ತೊಂದರೆ ಇರುವುದೂ ಅಲ್ಲೇ. ನೈಜೀರಿಯಾದ ನಿಪ್ರಿಸಾನ್ ಔಷಧದಲ್ಲಿ ಮೆಣಸಿನ ಜಾತಿಯ ಬೀಜ, ಹೊನ್ನೆ ಜಾತಿಯ ಮರದ ಕಾಂಡ, ಲವಂಗದ ಜೊತೆ ಜೋಳದ ಎಲೆಯೂ ಇತ್ತು. 82 ರೋಗಿಗಳ ಪರೀಕ್ಷೆಯಲ್ಲಿ ತೀವ್ರ ನೋವು ಕಾಡುವುದು ಕಡಿಮೆಯಾಯಿತು. ರಕ್ತಹೀನತೆ ಮಾತ್ರ ಇದ್ದಂತೇ ಇತ್ತು. ಅದು ಅಳೆದು ತೆಗೆದ ಸಾರ, ಮನೆಯ ಕಷಾಯವಲ್ಲ. ಎಳೆ ಜೋಳ, ಮಳೆ ಕೈಕೊಟ್ಟು ಬಾಡಿದ ಪೈರು ಮೇಯ್ದ ದನ ಏದುಸಿರು ಬಿಟ್ಟು ಬೀಳುವುದು ನವಲಗುಂದ, ಅಣ್ಣಿಗೇರಿ ಕಡೆಯ ರೈತರಿಗೆ ಹೊಸದೇನಲ್ಲ. ಎಲೆಯೊಳಗಿನ ಧುರಿನ್ ಎಂಬ ವಸ್ತು ಸೈನೈಡ್ ವಿಷ ಬಿಡುತ್ತದೆ. ಅದನ್ನು ಕುದಿಸಿ ಮಕ್ಕಳಿಗೆ ಕುಡಿಸಬೇಡಿ.

'ಪ್ರಯೋಗಾಲಯದಲ್ಲಿ ಸಾಬೀತಾಗಿದೆ' ಎನ್ನುವವರನ್ನು ಸ್ವಲ್ಪ ಕೆದಕಿ ಕೇಳಬೇಕು. ರೋಗಿಯ ರಕ್ತದ ಹನಿಗೆ ಆಮ್ಲಜನಕ ಹೀರುವ ಶೇ 2ರ ಸೋಡಿಯಂ ಮೆಟಾಬೈಸಲ್ಫೈಟ್ ದ್ರಾವಣ ಬೆರೆಸಿ, ಕವರ್‌ಸ್ಲಿಪ್ ಅಂಚಿಗೆ ಮೇಣ ಹಚ್ಚಿ ಆಮ್ಲಜನಕ ತೀರಿಸುತ್ತಾರೆ. ಆಮ್ಲಜನಕವಿಲ್ಲದೆ ಕುಡುಗೋಲಿನಂತೆ ಬಾಗಿದ ಕಣಗಳನ್ನು ಎಣಿಸುತ್ತಾರೆ. ಗಿಡದ ಸಾರ ಹಾಕಿದಾಗ ಎಣಿಕೆ ಇಳಿದರೆ ಗುಣವಿದೆ ಎಂದರ್ಥ. ಆದರೆ ಸಾರದಲ್ಲಿ ಲವಣ ಕಡಿಮೆ ಇದ್ದರೂ ಎಣಿಕೆ ಇಳಿಯುತ್ತದೆ: ಕಣ ನೀರು ಹೀರಿ ಉಬ್ಬುತ್ತದೆ, ಒಳಗಿನ ಹಿಮೋಗ್ಲೋಬಿನ್ ತೆಳುವಾಗಿ ಬಾಗುವುದೇ ಇಲ್ಲ. ಸಾರ ಕ್ಷಾರೀಯವಾಗಿದ್ದರೂ ಅದೇ ಕಥೆ. ವೆನಿಲ್ಲಾದ ಪರಿಮಳ ಕೊಡುವ ವೆನಿಲಿನ್‌ನಂಥ ಆಲ್ಡಿಹೈಡ್ (ಹಿಮೋಗ್ಲೋಬಿನ್‌ಗೆ ಅಂಟಿ ಕಣ ಬಾಗುವುದನ್ನು ತಡೆಯಬಲ್ಲ ರಾಸಾಯನಿಕ) ಇದ್ದರೆ ಅದು ಮೆಟಾಬೈಸಲ್ಫೈಟ್ ಅನ್ನೇ ಕಟ್ಟಿಹಾಕುತ್ತದೆ. ಪಿಎಚ್ (ಆಮ್ಲ-ಕ್ಷಾರದ ಅಳತೆ) 7.4ಕ್ಕೆ, ಲವಣಾಂಶ ಸಲೈನ್ ಮಟ್ಟಕ್ಕೆ ತಂದು, ಸಾರವಿಲ್ಲದ ದ್ರಾವಣವನ್ನೂ ಜೊತೆಗಿಟ್ಟು, ಆಮ್ಲಜನಕವನ್ನು ನೈಟ್ರೋಜನ್ ಹಾಯಿಸಿ ತೆಗೆದಿದ್ದರಷ್ಟೇ ಫಲಿತಾಂಶಕ್ಕೆ ಬೆಲೆ.

ಪ್ರಮಾಣದ ಲೆಕ್ಕವನ್ನಂತೂ ಯಾರೂ ಹೇಳುವುದಿಲ್ಲ. ಹಿಮೋಗ್ಲೋಬಿನ್ 8 (100 ಮಿ.ಲೀ. ರಕ್ತಕ್ಕೆ 8 ಗ್ರಾಂ) ಇರುವ ವಯಸ್ಕರ 5 ಲೀಟರ್ ರಕ್ತದಲ್ಲಿ ಸುಮಾರು 400 ಗ್ರಾಂ ಹಿಮೋಗ್ಲೋಬಿನ್ ಇರುತ್ತದೆ. ಹಿಮೋಗ್ಲೋಬಿನ್ ಅಣುವಿಗೊಂದು ವೆನಿಲಿನ್ ಅಣುವಿನಂತೆ ಅಂಟಬೇಕೆಂದರೂ ಹೆಚ್ಚುಕಡಿಮೆ 1 ಗ್ರಾಂ ವೆನಿಲಿನ್ ಕೆಂಪು ಕಣಗಳ ಒಳಗೇ ಸೇರಬೇಕು. ನುಂಗಿದ ವೆನಿಲಿನ್ ಜೀರ್ಣಾಂಗದಲ್ಲೇ ಒಡೆದುಹೋಗುತ್ತದೆ. ಇದೇ ಜಾಡಿನಲ್ಲಿ ತಯಾರಾಗಿ 2019ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ವೋಕ್ಸೆಲೋಟರ್ ಮಾತ್ರೆಯನ್ನು ಕಂಪನಿಯೇ 2024ರಲ್ಲಿ ಹಿಂದಕ್ಕೆ ಪಡೆಯಿತು.

ಈ ರೋಗಕ್ಕೆ ವೈದ್ಯರು ಕೊಡುವ ಹೈಡ್ರಾಕ್ಸಿಯೂರಿಯಾ ಮಾತ್ರೆ ಕೆಲಸ ತೋರಲು ಮೂರರಿಂದ ಆರು ತಿಂಗಳು ಬೇಕು. ಎರಡನೇ ತಿಂಗಳಿಗೇ ಬೇಸತ್ತು ಅದನ್ನು ಬಿಟ್ಟು ಕಷಾಯ ಹಿಡಿಯುವವರಿದ್ದಾರೆ. ನೋವು ಸಾಮಾನ್ಯವಾಗಿ ವಾರದೊಳಗೆ ತಾನಾಗಿಯೇ ಇಳಿಯುತ್ತದೆ, ಐದನೇ ದಿನ ಕೊಟ್ಟ ಮದ್ದಿಗೆ ಹೆಸರು ಬರುತ್ತದೆ. ಕಷಾಯ ಕುಡಿಯುತ್ತಿದ್ದರೆ ವೈದ್ಯರಿಂದ ಮುಚ್ಚಿಡಬೇಡಿ: ಹೈಡ್ರಾಕ್ಸಿಯೂರಿಯಾ ಪ್ರಮಾಣವನ್ನು ಬಿಳಿ ಕಣ, ಪ್ಲೇಟ್‌ಲೆಟ್ ಎಣಿಕೆ ನೋಡಿ ಏರಿಸುತ್ತಾರೆ, ಎಣಿಕೆ ಕುಸಿದರೆ ತಪ್ಪು ಯಾವುದರದೆಂದು ಗೊತ್ತಾಗುವುದಿಲ್ಲ. ಜ್ವರ 101 ಡಿಗ್ರಿ ದಾಟಿದರೆ ಯಾವ ಮನೆಮದ್ದೂ ಬೇಡ, ನೇರ ಆಸ್ಪತ್ರೆಗೆ ಹೋಗಿ. ಕಬ್ಬಿಣಾಂಶದ ಟಾನಿಕ್ ಕೂಡ ಕೇಳದೆ ಬೇಡ. ಪದೇಪದೇ ರಕ್ತ ಹಾಕಿಸಿಕೊಂಡವರಲ್ಲಿ ಕಬ್ಬಿಣ ಮೊದಲೇ ತುಂಬಿಕೊಂಡಿರುತ್ತದೆ.

ಸಸ್ಯದ ಸಾರಗಳ ಸಂಶೋಧನೆ ನಿಲ್ಲಲಿ ಎಂದು ಯಾರೂ ಹೇಳುತ್ತಿಲ್ಲ. ಧಾರವಾಡದ ಕೃಷಿ ವಿಶ್ವವಿದ್ಯಾಲಯ ಜೋಳ ಬಲ್ಲದು, ಹುಬ್ಬಳ್ಳಿಯಲ್ಲಿ ವೈದ್ಯಕೀಯ, ಆಯುರ್ವೇದ ಕಾಲೇಜುಗಳಿವೆ, ಕೂಡಿ ಮಾಡಲಿ. ಅದಕ್ಕೂ ಮೊದಲು, 2023ರ ಜುಲೈ 1ರಂದು ಶುರುವಾದ ಸಿಕಲ್ ಸೆಲ್ ನಿರ್ಮೂಲನೆಯ ರಾಷ್ಟ್ರೀಯ ಅಭಿಯಾನದಡಿ ಕಲಘಟಗಿ ಸೀಮೆಯ ಸಿದ್ದಿ ಕುಟುಂಬಗಳ ತಪಾಸಣೆ ಸರಿಯಾಗಿ ನಡೆಯಲಿ. ಸಾಲ್ಯುಬಿಲಿಟಿ ಎಂಬ ಮೊದಲ ಹಂತದ ರಕ್ತ ಪರೀಕ್ಷೆ ಪಾಸಿಟಿವ್ ಬಂದವರಿಗೆಲ್ಲ ಎಚ್‌ಪಿಎಲ್‌ಸಿ (ಹಿಮೋಗ್ಲೋಬಿನ್ ಬಗೆಗಳನ್ನು ಬೇರ್ಪಡಿಸಿ ಅಳೆಯುವ ಪರೀಕ್ಷೆ) ಆಗಲೇಬೇಕು, ಏಕೆಂದರೆ ಮೊದಲಿನದು ವಾಹಕರನ್ನೂ (ದೋಷದ ವಂಶವಾಹಿಯ ಒಂದೇ ಪ್ರತಿ ಇರುವವರನ್ನೂ) ರೋಗಿಗಳನ್ನೂ ಬೇರ್ಪಡಿಸುವುದಿಲ್ಲ. ವಾಹಕರಿಗೆ ಯಾವ ಕಷಾಯ ಕೊಟ್ಟರೂ 'ಗುಣ'ವಾಗುತ್ತದೆ, ಅವರಿಗೆ ರೋಗವೇ ಇರುವುದಿಲ್ಲ.

– ರಕ್ತ ಪರೀಕ್ಷಾ ಪ್ರಯೋಗಾಲಯದ ತಂತ್ರಜ್ಞರು, ಹುಬ್ಬಳ್ಳಿ